ಕಪ್ಪುಕುಳಿಗೆ ಬಿದ್ದ ಮನುಷ್ಯ ಸಾಯುವುದು ಅಂಚು ದಾಟುವ ಮೊದಲಾ, ದಾಟಿದ ಮೇಲಾ?

ಇರುಳುಹಕ್ಕಿ:
ಕಪ್ಪುಕುಳಿಯ ಬಗ್ಗೆ ಓದಲು ಕೂತರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹತ್ತಿರ ಹೋಗುವ ಮೊದಲೇ ದೇಹ ಉದ್ದಕ್ಕೆ ಎಳೆದು ಹರಿದುಹೋಗುತ್ತದೆ ಎನ್ನುವವರಿದ್ದಾರೆ. ಅಂಚು ದಾಟಿದ್ದು ಬೀಳುವವನಿಗೆ ಗೊತ್ತೇ ಆಗುವುದಿಲ್ಲ ಎನ್ನುವವರೂ ಇದ್ದಾರೆ. ಇನ್ನು ಕೆಲವರ ಪ್ರಕಾರ ಅವನು ಅಂಚಿನ ಹತ್ತಿರವೇ ನಿಂತುಬಿಡುತ್ತಾನೆ, ಒಳಗೆ ಹೋಗುವುದೇ ಇಲ್ಲ. ಮೂರೂ ಒಟ್ಟಿಗೆ ನಿಜ ಆಗಲು ಸಾಧ್ಯವಾ?

ಸುಮ್ನೆ "ಅಲ್ಲಿ ಭೌತಶಾಸ್ತ್ರದ ನಿಯಮಗಳು ನಡೆಯುವುದಿಲ್ಲ" ಅಂತ ಮುಗಿಸಬೇಡಿ. ಒಬ್ಬ ಮನುಷ್ಯ ಸ್ಪೇಸ್ ಸೂಟ್ ಹಾಕಿಕೊಂಡು ಕಾಲು ಮುಂದಾಗಿ ಬೀಳುತ್ತಿದ್ದಾನೆ ಅಂದುಕೊಳ್ಳಿ. ಅವನಿಗೆ ಒಂದರ ಹಿಂದೆ ಒಂದು ಏನೇನಾಗುತ್ತದೆ? ಅದು ಬೇಕು.

ಲೆಕ್ಕಪಕ್ಕಾ:
ಯಾವ ಕಪ್ಪುಕುಳಿ? ಈ ಪ್ರಶ್ನೆ ಕೇಳದೆ ಉತ್ತರ ಕೊಡುವವರಿಂದಲೇ ಅರ್ಧ ಗೊಂದಲ.

10 ಸೂರ್ಯರಷ್ಟು ದ್ರವ್ಯರಾಶಿ ಇರುವ ಕಪ್ಪುಕುಳಿ ತಗೊಳ್ಳಿ. ಅದರ ಈವೆಂಟ್ ಹೊರೈಜನ್, ಅಂದರೆ ದಾಟಿದರೆ ಬೆಳಕೂ ವಾಪಸ್ ಬರಲಾರದ ಅಂಚು, ನಡುವಿನಿಂದ ಬರೀ 30 ಕಿ.ಮೀ. ದೂರದಲ್ಲಿದೆ. ಕಾಲು ತಲೆಗಿಂತ ಒಂದೂಮುಕ್ಕಾಲು ಮೀಟರ್ ಹತ್ತಿರ ಇರುತ್ತದಲ್ಲ, ಅಷ್ಟಕ್ಕೇ ಕಾಲಿನ ಮೇಲಿನ ಸೆಳೆತ ತಲೆಗಿಂತ ಜಾಸ್ತಿ. ಅಂಚಿನಲ್ಲಿ ಆ ವ್ಯತ್ಯಾಸ ಭೂಮಿಯ ಗುರುತ್ವದ ಸುಮಾರು 2 ಕೋಟಿ ಪಟ್ಟು. ಅಷ್ಟು ಹತ್ತಿರಕ್ಕೆ ದೇಹ ಒಂದಾಗಿ ಹೋಗುವುದೇ ಇಲ್ಲ. ಸುಮಾರು 3,500 ಕಿ.ಮೀ. ದೂರದಲ್ಲೇ ವ್ಯತ್ಯಾಸ 10 ಜಿ, ಅಂದರೆ ಭೂಮಿಯ ಗುರುತ್ವದ 10 ಪಟ್ಟು, ಆಗಿರುತ್ತದೆ. ಅಲ್ಲಿಂದ ಮುಂದೆ ಕೀಲುಗಳು ಬಿಡುತ್ತವೆ, ಆಮೇಲೆ ಎಲ್ಲವೂ.

ಈಗ ನಮ್ಮ ಗ್ಯಾಲಕ್ಸಿಯ ನಡುವೆ ಇರುವ ಸ್ಯಾಜಿಟೇರಿಯಸ್ ಎ-ಸ್ಟಾರ್. ಸುಮಾರು 43 ಲಕ್ಷ ಸೂರ್ಯರಷ್ಟು ದ್ರವ್ಯರಾಶಿ, ಅಂಚು ಸುಮಾರು 1.3 ಕೋಟಿ ಕಿ.ಮೀ. ದೂರದಲ್ಲಿ. ಅಲ್ಲಿ ತಲೆಗೂ ಕಾಲಿಗೂ ಇರುವ ವ್ಯತ್ಯಾಸ ಭೂಮಿಯ ಗುರುತ್ವದ ಹತ್ತು ಸಾವಿರದಲ್ಲಿ ಒಂದು ಪಾಲು. ಗೊತ್ತೇ ಆಗುವುದಿಲ್ಲ. ಆರಾಮಾಗಿ ದಾಟುತ್ತಾನೆ.

ನಿಮ್ಮ ಮೊದಲ ಎರಡು ಮಾತೂ ನಿಜ. ಬೇರೆ ಬೇರೆ ಕಪ್ಪುಕುಳಿಗೆ.

ಕುತೂಹಲಿ22:
ದೊಡ್ಡದು ಮೆತ್ತಗೆ, ಚಿಕ್ಕದು ಕ್ರೂರ? ಉಲ್ಟಾ ಇರಬೇಕಿತ್ತು ಅನಿಸುತ್ತದೆ.

ಲೆಕ್ಕಪಕ್ಕಾ:
@ಕುತೂಹಲಿ22 ಎಲ್ಲರಿಗೂ ಮೊದಲು ಹಾಗೇ ಅನಿಸುತ್ತದೆ. ದ್ರವ್ಯರಾಶಿ ಎರಡು ಪಟ್ಟಾದರೆ ಅಂಚೂ ಎರಡು ಪಟ್ಟು ದೂರ ಹೋಗುತ್ತದೆ. ಆದರೆ ಈ ಎಳೆತದ ವ್ಯತ್ಯಾಸ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಎರಡು ಪಟ್ಟು ದೂರಕ್ಕೆ ಎಂಟನೇ ಒಂದು ಪಾಲು. ದ್ರವ್ಯರಾಶಿಯಿಂದ ಎರಡು ಪಟ್ಟು ಏರಿ, ದೂರದಿಂದ ಎಂಟು ಪಟ್ಟು ಇಳಿದರೆ ಉಳಿಯುವುದು ನಾಲ್ಕನೇ ಒಂದು. ದೊಡ್ಡದಾದಷ್ಟೂ ಅಂಚು ಶಾಂತ.

ತೀರಾ ದೊಡ್ಡದಾದರೆ ನಕ್ಷತ್ರಗಳೂ ಹರಿಯದೆ ಇಡಿಯಾಗಿ ಒಳಗೆ ಹೋಗುತ್ತವೆ. ಸೂರ್ಯನಂಥ ನಕ್ಷತ್ರಕ್ಕೆ ಆ ಗೆರೆ ಸುಮಾರು 10 ಕೋಟಿ ಸೂರ್ಯರ ದ್ರವ್ಯರಾಶಿ. ಅದಕ್ಕಿಂತ ಚಿಕ್ಕ ಕಪ್ಪುಕುಳಿಗಳ ಹತ್ತಿರ ನಕ್ಷತ್ರ ಚೂರಾಗಿ ಹೊಳೆಯುವುದನ್ನು ದೂರದರ್ಶಕಗಳಲ್ಲಿ ಎಷ್ಟೋ ಸಲ ನೋಡಿದ್ದಾರೆ.

ಕಿಡಿನೋಟ:
ನೀವೆಲ್ಲ ಖಾಲಿ ಜಾಗದಲ್ಲಿ ಒಂಟಿಯಾಗಿ ಕೂತ ಕಪ್ಪುಕುಳಿಯ ಲೆಕ್ಕ ಮಾಡುತ್ತಿದ್ದೀರಿ. 2019ರ ಏಪ್ರಿಲ್‌ನಲ್ಲಿ ಬಂದ, ಎಂ87 ಎಂಬ ಗ್ಯಾಲಕ್ಸಿಯ ನಡುವಿನ ದೈತ್ಯ ಕಪ್ಪುಕುಳಿಯ ಚಿತ್ರದಲ್ಲಿ ಸುತ್ತ ಹೊಳೆಯುತ್ತಿದ್ದದ್ದು ಏನು? ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲ. ಅದರಿಂದ ಬರುವ ವಿಕಿರಣ ಇವನನ್ನು ಅಂಚಿನ ಹತ್ತಿರಕ್ಕೂ ಬಿಡುವುದಿಲ್ಲ. ಕಾಲು ಉದ್ದ ಆಗುವ ಮಾತು ಆಮೇಲೆ.

ಲೆಕ್ಕಪಕ್ಕಾ:
ಎಂ87ಕ್ಕೆ ಒಪ್ಪುತ್ತೇನೆ. ಎಲ್ಲ ಕಪ್ಪುಕುಳಿಗಳೂ ಹಾಗಿಲ್ಲ. 2022ರಲ್ಲಿ ಪತ್ತೆಯಾದ ಗಯಾ ಬಿಎಚ್1 ನಮಗೆ ಗೊತ್ತಿರುವವುಗಳಲ್ಲಿ ಅತಿ ಹತ್ತಿರದ್ದು, ಸುಮಾರು 1,560 ಜ್ಯೋತಿರ್ವರ್ಷ ದೂರ. ಅದು ಏನನ್ನೂ ನುಂಗುತ್ತಿಲ್ಲ, ಹೊಳೆಯುತ್ತಲೂ ಇಲ್ಲ. ಪಕ್ಕದ ನಕ್ಷತ್ರದ ಓಲಾಟ ನೋಡಿಯೇ ಅದನ್ನು ಹಿಡಿದದ್ದು.

ಕಿಡಿನೋಟ:
ಅದು ಸುಮಾರು 10 ಸೂರ್ಯರ ದ್ರವ್ಯರಾಶಿಯದ್ದು. ನಿಮ್ಮದೇ ಲೆಕ್ಕದಲ್ಲಿ ಅಲ್ಲಿ ದೂರದಲ್ಲೇ ಹರಿದುಹೋಗುತ್ತಾನೆ. ದೊಡ್ಡದಕ್ಕೆ ಹೋದರೆ ವಿಕಿರಣ, ಚಿಕ್ಕದಕ್ಕೆ ಹೋದರೆ ಎಳೆತ. ಬದುಕಿ ದಾಟಲು ದೊಡ್ಡದೂ ಆಗಿರಬೇಕು, ಹಸಿವೂ ಇಲ್ಲದಿರಬೇಕು.

ಇರುಳುಹಕ್ಕಿ:
ಸರಿ, ಹಾಗಾದರೆ ದೊಡ್ಡದು, ಸುತ್ತ ಏನೂ ಇಲ್ಲದ್ದು ಅಂತಲೇ ಇಟ್ಟುಕೊಳ್ಳೋಣ. ನನ್ನ ಮೂರನೇ ಪ್ರಶ್ನೆ ಯಾರೂ ಮುಟ್ಟಿಲ್ಲ. ಅಂಚಿನಲ್ಲಿ ನಿಂತುಬಿಡುತ್ತಾನೆ ಅನ್ನುವುದು?

ಬೆಳಕಿನಬೆನ್ನು:
ನಿಲ್ಲುವುದು ಅವನಲ್ಲ. ದೂರದಲ್ಲಿ ನಿಂತು ನೋಡುವವನಿಗೆ ಹಾಗೆ ಕಾಣುತ್ತದೆ.

ಬೀಳುವವನ ಕೈಯಲ್ಲಿ ಒಂದು ನೀಲಿ ದೀಪ ಇದೆ, ಸೆಕೆಂಡಿಗೊಮ್ಮೆ ಮಿನುಗುತ್ತದೆ ಅಂದುಕೊಳ್ಳಿ. ನೀವು ದೂರದ ನೌಕೆಯಲ್ಲಿದ್ದೀರಿ. ಮೊದಲು ಮಿನುಗು ಸರಿಯಾಗಿ ಬರುತ್ತದೆ. ಆಮೇಲೆ ಎರಡು ಸೆಕೆಂಡಿಗೊಂದು, ಹತ್ತು ಸೆಕೆಂಡಿಗೊಂದು. ದೀಪದ ಬಣ್ಣ ಹಸಿರಾಗುತ್ತದೆ, ಕೆಂಪಾಗುತ್ತದೆ, ಆಮೇಲೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಕೊನೆಗೆ ರೇಡಿಯೊ ಅಲೆ. ಅಂಚಿನ ಹತ್ತಿರದಿಂದ ಹೊರಟ ಬೆಳಕು ಹೊರಗೆ ಬರಲು ಅಷ್ಟಷ್ಟು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ, ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಅಂಚಿನ ಮೇಲೇ ಹೊತ್ತಿದ ಮಿನುಗು ಯಾವತ್ತೂ ಬರುವುದಿಲ್ಲ.

"ಎಂದೆಂದಿಗೂ ಅವನ ಚಿತ್ರ ಅಲ್ಲೇ ನೇತಾಡುತ್ತಿರುತ್ತದೆ" ಅಂತ ಬರೆಯುವುದು ತಪ್ಪು. ಮಂಕಾಗುವುದು ಭಾರೀ ಬೇಗ. 10 ಸೂರ್ಯರ ಕಪ್ಪುಕುಳಿಯಲ್ಲಿ ಮಿಲಿಸೆಕೆಂಡುಗಳ ಲೆಕ್ಕ, ಸ್ಯಾಜಿಟೇರಿಯಸ್‌ನಲ್ಲಿ ನಿಮಿಷಗಳ ಲೆಕ್ಕ. ಆಮೇಲೆ ನೀವು ನೋಡುತ್ತಿರುವುದು ಬರೀ ಕತ್ತಲು.

ಎದುರುಮಾತು:
ಇದು ನುಣುಚಿಕೊಳ್ಳುವ ಉತ್ತರ. ಹೊರಗಿನವನ ಗಡಿಯಾರದಲ್ಲಿ ಅವನು ಯಾವತ್ತೂ ದಾಟುವುದಿಲ್ಲ ಅಂದಮೇಲೆ, ದಾಟಲಿಲ್ಲ ಅಂತಲೇ ಅರ್ಥ ಅಲ್ವಾ? "ಕಾಣುವುದು" ಬೇರೆ, "ಆಗುವುದು" ಬೇರೆ ಅಂತ ನೀವು ಹೇಗೆ ಬಿಡಿಸುತ್ತೀರಿ?

ಬೆಳಕಿನಬೆನ್ನು:
ದಾಟುವ ಘಟನೆ ಹೊರಗಿನವನಿಗೆ ಕಾಣುವುದಿಲ್ಲ. ಅದಕ್ಕೇ ಅದು ನಡೆಯಲೇ ಇಲ್ಲ ಅನ್ನುವುದು ಹೇಗೆ? ಬೀಳುವವನ ಕೈಗಡಿಯಾರದಲ್ಲಿ ಲೆಕ್ಕ ಹಾಕಿದರೆ ಅಂಚು ದಾಟಲು ಹಿಡಿಯುವುದು ಮಿತಿಯಿರುವ, ಸಣ್ಣ ಹೊತ್ತು. ಹೊರಗಿನವನ ಕಾಲದ ಅಳತೆ ಅಂಚಿನಲ್ಲಿ ಕೆಲಸಕ್ಕೆ ಬರುವುದಿಲ್ಲ, ಅಷ್ಟೇ. 1916ರಲ್ಲಿ ಐನ್‌ಸ್ಟೈನ್ ಸಮೀಕರಣಕ್ಕೆ ಕಾರ್ಲ್ ಶ್ವಾರ್ಜ್‌ಶೀಲ್ಡ್ ಅವರ ಉತ್ತರ ಅಚ್ಚಾದಾಗಿನಿಂದ ಎಷ್ಟೋ ದಶಕ ದೊಡ್ಡ ದೊಡ್ಡವರೂ ಅಂಚಿನಲ್ಲಿ ಏನೋ ಕೆಟ್ಟುಹೋಗುತ್ತದೆ ಅಂತಲೇ ನಂಬಿದ್ದರು. ಕೆಟ್ಟದ್ದು ಅಳತೆಪಟ್ಟಿ, ಜಾಗ ಅಲ್ಲ. ಬೇರೆ ಅಳತೆಪಟ್ಟಿ ತೆಗೆದುಕೊಂಡರೆ ಅಂಚು ನುಣುಪಾಗಿದೆ.

ಹೊಳೆಬದಿ:
ನನಗೆ ಅರ್ಥ ಆದದ್ದು ಹೊಳೆಯ ಚಿತ್ರದಿಂದ. ಜಾಗವೇ ಹೊಳೆ ನೀರಿನ ಹಾಗೆ ಒಳಗೆ ಹರಿಯುತ್ತಿದೆ, ಬೆಳಕು ಅದರಲ್ಲಿ ಈಜುವ ಮೀನು. ಒಂದು ಕಡೆ ನೀರಿನ ವೇಗ ಮೀನಿನ ವೇಗಕ್ಕೆ ಸಮ. ಅದೇ ಅಂಚು. ಅಲ್ಲಿ ನೀರಿಗೆ ಗೆರೆಯೇನೂ ಎಳೆದಿಲ್ಲ. ತೇಲಿಕೊಂಡು ಹೋಗುವವನಿಗೆ ದಾಟಿದ್ದು ತಿಳಿಯುವುದಿಲ್ಲ.

ಎದುರುಮಾತು:
ಚಿತ್ರ ಚೆನ್ನಾಗಿದೆ. ಆದರೆ ಜಾಗ ಹರಿಯುತ್ತಿದೆ ಅನ್ನುವುದನ್ನು ಯಾರೂ ಅಳೆದಿಲ್ಲ.

ಬೆಳಕಿನಬೆನ್ನು:
ಅಳೆಯಲು ಆಗುವುದೂ ಇಲ್ಲ. ಆದರೂ ಆ ಚಿತ್ರದ ಹಿಂದಿನ ಗಣಿತ ಪಕ್ಕಾ. 1921ರಲ್ಲಿ ಗಣಿತಜ್ಞ ಪಾನ್‌ಲೆವೆ ಬರೆದ ಸಮೀಕರಣ ಅದೇ. ಅದರಲ್ಲಿ ಲೆಕ್ಕ ಮಾಡಿದರೆ ಬೀಳುವವನ ಕಣ್ಣಿಗೆ ಏನು ಕಾಣುತ್ತದೆ ಅಂತಲೂ ಸಿಗುತ್ತದೆ.

ಪುಟ್ಟತಾರೆ:
ನಾನು ಕೇಳಿದ್ದು: ಬೀಳುವವನು ತಿರುಗಿ ನೋಡಿದರೆ ಬ್ರಹ್ಮಾಂಡದ ಇಡೀ ಭವಿಷ್ಯ ಕ್ಷಣದಲ್ಲಿ ಓಡಿಹೋಗುವುದು ಕಾಣುತ್ತದೆ. ನಕ್ಷತ್ರಗಳು ಹುಟ್ಟಿ ಆರುವುದು ಎಲ್ಲ. ನಿಜವಾ? ನಿಜವಾಗಿದ್ದರೆ ನನಗೆ ಬಿದ್ದು ನೋಡುವ ಆಸೆಯೇ ಬರುತ್ತದೆ.

ಲೆಕ್ಕಪಕ್ಕಾ:
ಇಲ್ಲ. ಅದು ಅಂಚಿನ ಹತ್ತಿರ ರಾಕೆಟ್ ಉರಿಸಿಕೊಂಡು ನಿಂತಲ್ಲೇ ನಿಲ್ಲುವವನ ಕತೆ. ಅವನಿಗೆ ಮೇಲಿನಿಂದ ಬರುವ ಬೆಳಕು ನೀಲಿಯಾಗುತ್ತದೆ, ಹೊರಗಿನ ಗಡಿಯಾರಗಳು ಓಡುತ್ತವೆ. ಸುಮ್ನೆ ಬೀಳುವವನಿಗೆ ಹಾಗಾಗುವುದಿಲ್ಲ, ಯಾಕೆಂದರೆ ಅವನೂ ಆ ಬೆಳಕಿನಿಂದ ದೂರ ಓಡುತ್ತಿದ್ದಾನೆ. ದೂರದಿಂದ ಬಿಟ್ಟ ಹಾಗೆ ಬಿದ್ದವನು ಅಂಚು ದಾಟುವಾಗ ನೇರ ಹಿಂದಿನಿಂದ ಬರುವ ಬೆಳಕಿನ ಆವರ್ತನ ಅರ್ಧಕ್ಕೆ ಇಳಿದಿರುತ್ತದೆ. ಅಂದರೆ ಹಿಂದಿರುವ ಗಡಿಯಾರ ಅವನಿಗೆ ನಿಧಾನವಾಗಿ ಕಾಣುತ್ತದೆ, ವೇಗವಾಗಿ ಅಲ್ಲ.

ಬೆಳಕಿನಬೆನ್ನು:
ಇನ್ನೊಂದು ಸೇರಿಸುತ್ತೇನೆ. ಅಂಚು ದಾಟುವಾಗ ಕತ್ತಲು ಸುತ್ತ ಮುಚ್ಚಿಕೊಳ್ಳುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಲೆಕ್ಕ ಬೇರೆ ಹೇಳುತ್ತದೆ. ಹಾಗೆ ಬೀಳುವವನಿಗೆ ಆ ಹೊತ್ತಿನಲ್ಲಿ ಕಪ್ಪು ವೃತ್ತ ಸುಮಾರು 84 ಡಿಗ್ರಿ ಅಗಲ. ಅರ್ಧ ಆಕಾಶವೂ ಅಲ್ಲ. ಉಳಿದ ಕಡೆ ನಕ್ಷತ್ರಗಳು ಕಾಣುತ್ತಲೇ ಇರುತ್ತವೆ, ಜಾಗ ಬದಲಾಗಿರುತ್ತವೆ ಅಷ್ಟೇ. ಒಳಗೆ ಹೋದಮೇಲೂ ಹೊರಗಿನ ಬೆಳಕು ಅವನ ಹಿಂದೆಯೇ ಒಳಗೆ ಬರುತ್ತಿರುತ್ತದೆ. ಅವನಿಗೆ ನಾವು ಕಾಣುತ್ತೇವೆ. ನಮಗೆ ಅವನು ಕಾಣುವುದಿಲ್ಲ.

ಕುತೂಹಲಿ22:
ಒಂದು ನಿಮಿಷ. ಕಾಲು ಮೊದಲು ದಾಟುತ್ತದೆ, ತಲೆ ಇನ್ನೂ ಹೊರಗಿದೆ. ಒಳಗಿನ ಬೆಳಕು ಹೊರಗೆ ಬರುವುದಿಲ್ಲ. ಹಾಗಾದರೆ ಅವನಿಗೆ ತನ್ನ ಕಾಲೇ ಕಾಣದೆ ಹೋಗಬೇಕಲ್ಲ? ಅಂಚು ಗೊತ್ತೇ ಆಗುವುದಿಲ್ಲ ಅಂದಿರಿ.

ಬೆಳಕಿನಬೆನ್ನು:
ಇಡೀ ಚರ್ಚೆಯಲ್ಲಿ ಒಳ್ಳೆ ಪ್ರಶ್ನೆ ಇದು.

ಈ ಕ್ಷಣ ನಿಮ್ಮ ಹೆಬ್ಬೆರಳನ್ನು ನೋಡಿ. ನೀವು ನೋಡುತ್ತಿರುವುದು ಕೆಲವು ನ್ಯಾನೊಸೆಕೆಂಡ್ ಹಿಂದಿನ ಹೆಬ್ಬೆರಳು. ಬೀಳುವವನಿಗೂ ಅಷ್ಟೇ. ಹೆಬ್ಬೆರಳು ಅಂಚು ಮುಟ್ಟಿದ ಕ್ಷಣದಲ್ಲಿ ಅದರಿಂದ ಹೊರಟ ಬೆಳಕು ಮೇಲೆ ಹೋಗಲಾರದೆ ಅಂಚಿನ ಮೇಲೇ ಇರುತ್ತದೆ. ಅಷ್ಟರಲ್ಲಿ ತಲೆ ಬಿದ್ದು ಅಂಚಿಗೆ ಬರುತ್ತದೆ, ಆ ಬೆಳಕು ಕಣ್ಣಿಗೆ ಸಿಗುತ್ತದೆ. ತಲೆ ಹೊರಗಿರುವಾಗ ಕಾಣುವುದು ಕಾಲು ಹೊರಗಿದ್ದಾಗಿನ ಬೆಳಕು. ತಲೆ ಒಳಗೆ ಬಂದಮೇಲೆ ಕಾಣುವುದು ಕಾಲು ಒಳಗಿದ್ದಾಗಿನ ಬೆಳಕು. ಮಧ್ಯೆ ಕಾಲು ಒಂದು ಕ್ಷಣವೂ ಮರೆಯಾಗುವುದಿಲ್ಲ.

ಇದು ಸುಮ್ನೆ ಬೀಳುತ್ತಿದ್ದರೆ ಮಾತ್ರ. ಕಾಲು ದಾಟಿದ ಮೇಲೆ ತಲೆಯನ್ನು ರಾಕೆಟ್ಟಿನಿಂದ ಹೊರಗೇ ಹಿಡಿದಿಟ್ಟರೆ ಕಾಲು ಕಾಣುವುದಿಲ್ಲ, ದೇಹವೂ ಉಳಿಯುವುದಿಲ್ಲ.

ಕುತೂಹಲಿ22:
ಇದನ್ನು ಎರಡು ಸಲ ಓದಿದೆ. ಅದ್ಭುತ.

ಇರುಳುಹಕ್ಕಿ:
ಸರಿ, ದಾಟಿದ. ಒಳಗೆ ಎಷ್ಟು ಹೊತ್ತು ಇರುತ್ತಾನೆ?

ಲೆಕ್ಕಪಕ್ಕಾ:
ದೂರದಿಂದ ಸುಮ್ನೆ ಬಿದ್ದವನಿಗೆ ಸ್ಯಾಜಿಟೇರಿಯಸ್ ಎ-ಸ್ಟಾರ್‌ನಲ್ಲಿ ಅಂಚಿನಿಂದ ಕೊನೆಯವರೆಗೆ ಸುಮಾರು 28 ಸೆಕೆಂಡ್. ಎಂ87ರ ನಡುವಿನದ್ದರಲ್ಲಿ, ಅದು 650 ಕೋಟಿ ಸೂರ್ಯರ ದ್ರವ್ಯರಾಶಿಯದ್ದು, ಸುಮಾರು 12 ಗಂಟೆ. ಏನೇ ಸರ್ಕಸ್ ಮಾಡಿದರೂ ದಾಟಲಾಗದ ಮಿತಿ ಇದೆ. ಸ್ಯಾಜಿಟೇರಿಯಸ್‌ಗೆ 66 ಸೆಕೆಂಡ್, ಎಂ87ಕ್ಕೆ ಸುಮಾರು 28 ಗಂಟೆ. ಎಲ್ಲ ತಿರುಗದ ಕಪ್ಪುಕುಳಿಯ ಲೆಕ್ಕ.

ಎದುರುಮಾತು:
ಒದ್ದಾಡಿದಷ್ಟೂ ಬೇಗ ಸಾಯುತ್ತಾನೆ ಅಂತ ಕೇಳಿದ್ದೇನೆ. ರಾಕೆಟ್ ಉರಿಸಿದರೆ ಇರುವ ಹೊತ್ತೂ ಕಡಿಮೆಯಾಗುತ್ತದಂತೆ.

ಲೆಕ್ಕಪಕ್ಕಾ:
ಆ ಮಾತು ಎಲ್ಲ ಕಡೆ ಓಡಾಡುತ್ತಿದೆ, ಅರ್ಧವೇ ಸರಿ. 2007ರಲ್ಲಿ ಲೂಯಿಸ್ ಮತ್ತು ಕ್ವಾನ್ ಎಂಬ ಇಬ್ಬರು ಇದನ್ನೇ ಕೂತು ಲೆಕ್ಕ ಹಾಕಿದರು. ದೂರದಿಂದ ವೇಗವಾಗಿ ಬಿದ್ದು ಬಂದವನು ದಾಟಿದ ಕೂಡಲೇ ಸರಿಯಾದ ಅಳತೆಯಲ್ಲಿ ರಾಕೆಟ್ ಉರಿಸಿ ಆಮೇಲೆ ನಿಲ್ಲಿಸಿದರೆ ಹೊತ್ತು ಜಾಸ್ತಿಯಾಗುತ್ತದೆ, ಮಿತಿಯ ಹತ್ತಿರಕ್ಕೂ ಹೋಗಬಹುದು. ಉರಿಸುತ್ತಲೇ ಇದ್ದರೆ ಮತ್ತೆ ಕಡಿಮೆಯಾಗುತ್ತದೆ. ಅಂಚಿನಲ್ಲೇ ನಿಂತ ಸ್ಥಿತಿಯಿಂದ ಬಿದ್ದವನಿಗೆ ಮಾತ್ರ ಸುಮ್ನೆ ಇರುವುದೇ ಒಳ್ಳೆಯದು.

ಪುಟ್ಟತಾರೆ:
ತಪ್ಪಿಸಿಕೊಳ್ಳಲು ಪಕ್ಕಕ್ಕೆ ಹೋಗಬಹುದಲ್ಲ? ನಡುವಿನ ಬಿಂದುವಿಗೆ ಹೋಗಲೇಬೇಕು ಅಂತ ಏನಿದೆ?

ಬೆಳಕಿನಬೆನ್ನು:
ಒಳಗೆ ಆ ಸಿಂಗ್ಯುಲಾರಿಟಿ, ಅಂದರೆ ನೀವು ಹೇಳಿದ ನಡುವಿನ ಬಿಂದು, ಮುಂದೆ ಎಲ್ಲೋ ಇರುವ ಜಾಗ ಅಲ್ಲ. ಅದು ಅವನಿಗೆ ಮುಂದೆ ಬರುವ ಹೊತ್ತು. ಎಡಕ್ಕೆ ಹೋದರೂ ಬಲಕ್ಕೆ ಹೋದರೂ ನಾಳೆ ಬರುತ್ತದೆ ಅಲ್ವಾ? ಹಾಗೇ. ಕುಸಿತ ಒಮ್ಮೆ ಈ ಹಂತ ದಾಟಿದರೆ ಸಿಂಗ್ಯುಲಾರಿಟಿ ತಪ್ಪುವುದಿಲ್ಲ ಅಂತ 1965ರಲ್ಲಿ ರೋಜರ್ ಪೆನ್ರೋಸ್ ಗಣಿತದಲ್ಲಿ ತೋರಿಸಿದರು. 2020ರ ನೊಬೆಲ್ ಅವರಿಗೆ ಬಂದದ್ದು ಆ ಕೆಲಸಕ್ಕೇ.

ನಾಡಿಮಿಡಿತ:
ನಾನು ಆಸ್ಪತ್ರೆಯಲ್ಲಿ ನರ್ಸ್. ನನ್ನ ಪ್ರಶ್ನೆ ಬೇರೆ. ಆ ಕೊನೆಯಲ್ಲಿ ನೋವು ಎಷ್ಟು ಹೊತ್ತು ಇರುತ್ತದೆ? ದೊಡ್ಡ ಕಪ್ಪುಕುಳಿಯಲ್ಲಿ ನಿಧಾನವಾಗಿ ಗಂಟೆಗಟ್ಟಲೆ ಎಳೆಯುತ್ತದಾ?

ಲೆಕ್ಕಪಕ್ಕಾ:
@ನಾಡಿಮಿಡಿತ ಇದರ ಉತ್ತರ ನನಗೆ ತುಂಬಾ ಇಷ್ಟ. ದೂರದಿಂದ ಸುಮ್ನೆ ಬೀಳುವವನಿಗೆ ಎಳೆತ ಇಷ್ಟು ಇದ್ದಾಗ ಉಳಿದ ಹೊತ್ತು ಎಷ್ಟು ಅಂತ ಸಮೀಕರಣ ಬಿಡಿಸಿದರೆ ದ್ರವ್ಯರಾಶಿ ಹೊಡೆದುಹೋಗುತ್ತದೆ! ಚಿಕ್ಕದೋ ದೊಡ್ಡದೋ, ತಲೆ ಕಾಲಿನ ವ್ಯತ್ಯಾಸ 10 ಜಿ ಮುಟ್ಟಿದ ಮೇಲೆ ಕೊನೆಯವರೆಗೆ ಉಳಿಯುವುದು ಸುಮಾರು 0.09 ಸೆಕೆಂಡ್. 100 ಜಿ ಮುಟ್ಟಿದ ಮೇಲೆ ಸುಮಾರು 0.03. ಎಂ87ರಲ್ಲಿ 12 ಗಂಟೆ ಬಿದ್ದರೂ ಅಷ್ಟೂ ಹೊತ್ತು ಆರಾಮ. ಕೆಟ್ಟದ್ದೆಲ್ಲ ಕೊನೆಯ ಹತ್ತನೇ ಒಂದು ಸೆಕೆಂಡಿನಲ್ಲಿ.

ನಾಡಿಮಿಡಿತ:
ಹಾಗಾದರೆ ಹೇಳುತ್ತೇನೆ ಕೇಳಿ. ಕೊರೆಯುವ ನೋವನ್ನು ಒಯ್ಯುವ ಸಣ್ಣ ನರಗಳ ವೇಗ ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್. ಪಾದದಿಂದ ಮಿದುಳಿಗೆ ಒಂದೂವರೆ ಮೀಟರ್ ಹಿಡಿದರೂ ಮುಕ್ಕಾಲು ಸೆಕೆಂಡಾದರೂ ಬೇಕು. ಚುರ್ರೆನ್ನುವ ಚೂಪು ನೋವಿನ ನರಗಳು ಇನ್ನೂ ವೇಗ, ಸೆಕೆಂಡಿಗೆ 5ರಿಂದ 30 ಮೀಟರ್. ಅದರ ಸುದ್ದಿ ಮಿದುಳು ಮುಟ್ಟಿದರೂ ಅದು ಅರಿವಿಗೆ ಬರಲು ಮತ್ತಷ್ಟು ಹೊತ್ತು ಬೇಕು. ಕಾಲಿನ ನೋವು ಅವನಿಗೆ ತಿಳಿಯುವುದು ಕಷ್ಟ. ಸೊಂಟ, ಕುತ್ತಿಗೆ ಹತ್ತಿರದ್ದು ಒಂದು ಚಣ ತಿಳಿದೀತು.

ಎಳೆತಕ್ಕೆ ಮೊದಲು ಸೋಲುವುದು ಮೂಳೆ ಅಲ್ಲ, ರಕ್ತ ಮತ್ತು ಮೆತ್ತನೆ ಅಂಗಗಳು. ರಕ್ತ ಎರಡೂ ತುದಿಗೆ ಓಡುತ್ತದೆ.

ಲೆಕ್ಕಪಕ್ಕಾ:
ಜೊತೆಗೆ ಅಡ್ಡಕ್ಕೆ ಒತ್ತುವುದೂ ಇದೆ. ಉದ್ದಕ್ಕೆ ಎಳೆಯುವ ಬಲದ ಅರ್ಧದಷ್ಟು ಎಲ್ಲ ಪಕ್ಕಗಳಿಂದ ಒಳಗೆ ಒತ್ತುತ್ತದೆ. ಸ್ಪಗೆಟಿಫಿಕೇಷನ್ ಅಂತ ಹೆಸರು ಬಿದ್ದದ್ದು ಇವೆರಡೂ ಸೇರಿ.

ಹೊಳೆಬದಿ:
ಇದನ್ನು ಓದಿದ ಮೇಲೆ ಒಂದು ಭಯ. ಸೂರ್ಯ ಕಪ್ಪುಕುಳಿಯಾದರೆ ನಮ್ಮನ್ನೂ ಹೀರಿಕೊಳ್ಳುತ್ತದಾ?

ಕಿಡಿನೋಟ:
ಸೂರ್ಯ ಆಗುವುದೇ ಇಲ್ಲ, ಅಷ್ಟು ದ್ರವ್ಯರಾಶಿ ಇಲ್ಲ. ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿ ಅದರ ಜಾಗದಲ್ಲಿ ಬಂದು ಕೂತರೂ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತದೆ. ಚಳಿಗೆ ಸಾಯುತ್ತೇವೆ, ಅದು ಬೇರೆ ಮಾತು. ಕಪ್ಪುಕುಳಿ "ಹೀರುತ್ತದೆ" ಅನ್ನುವ ಮಾತು ಬಿಡಬೇಕು. ಎಸ್2 ಎಂಬ ನಕ್ಷತ್ರ ಸ್ಯಾಜಿಟೇರಿಯಸ್ ಎ-ಸ್ಟಾರನ್ನು 16 ವರ್ಷಕ್ಕೊಮ್ಮೆ ಸುತ್ತುತ್ತದೆ. 2018ರಲ್ಲಿ ತೀರಾ ಹತ್ತಿರ ಬಂದಾಗ ಸೆಕೆಂಡಿಗೆ 7,000 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿತ್ತು. ಸುತ್ತಿಕೊಂಡು ಹೊರಟುಹೋಯಿತು, ಏನೂ ಆಗಲಿಲ್ಲ.

ದಿಗಂತರೇಖೆ:
ವಿಷಯ ಸ್ವಲ್ಪ ಬೇರೆ, ಆದರೂ ಹೇಳಲೇಬೇಕು. ಒಬ್ಬ ಮನುಷ್ಯ ಬಿದ್ದರೆ ಕಪ್ಪುಕುಳಿಗೆ ಏನಾಗುತ್ತದೆ ಅಂತ ಯಾರೂ ಕೇಳಲಿಲ್ಲ. ಅದು ಕಂಪಿಸುತ್ತದೆ! ಏನೇ ಬಿದ್ದರೂ ಒಂದು ನಿಶ್ಚಿತ ಸ್ವರದಲ್ಲಿ ನಡುಗಿ ಬೇಗ ಶಾಂತವಾಗುತ್ತದೆ. ಇದನ್ನು 1970ರಲ್ಲಿ ಮೊದಲು ಲೆಕ್ಕದಲ್ಲಿ ಕಂಡವರು ನಮ್ಮ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ. ಕಪ್ಪುಕುಳಿ ಒಂದು ಸಣ್ಣ ತಳ್ಳಿಗೆ ಒಡೆದುಹೋಗದೆ ಸ್ಥಿರವಾಗಿರುತ್ತದೆ ಅಂತ ತೋರಿಸಿದ್ದೂ ಅವರೇ. 2015ರ ಸೆಪ್ಟೆಂಬರ್ 14ರಂದು ಲೈಗೊ ಎಂಬ ಪತ್ತೆಯಂತ್ರ ಹಿಡಿದ ಗುರುತ್ವ ಅಲೆಯಲ್ಲಿ, ಎರಡು ಕಪ್ಪುಕುಳಿ ಸೇರಿದ ಮೇಲೆ ಬಂದ ಆ ಕೊನೆಯ ನಡುಕ ಅವರು ಹೇಳಿದ ಬಗೆಯದ್ದೇ. ಅವರು 2017ರ ಜನವರಿಯಲ್ಲಿ ತೀರಿಕೊಂಡರು. ಅದನ್ನು ನೋಡಿ ಹೋದರು ಅನ್ನುವುದೇ ನನಗೆ ಸಮಾಧಾನ.

ಪುಟ್ಟತಾರೆ:
ಇದು ಗೊತ್ತೇ ಇರಲಿಲ್ಲ. ಶಾಲೆಯ ಪುಸ್ತಕದಲ್ಲಿ ಯಾಕೆ ಇಲ್ಲ?

ಎದುರುಮಾತು:
ಚರ್ಚೆಗೆ ವಾಪಸ್ ಬರೋಣ. "ಅಂಚು ಗೊತ್ತೇ ಆಗುವುದಿಲ್ಲ" ಅಂತ ಎಲ್ಲರೂ ಧೈರ್ಯವಾಗಿ ಹೇಳುತ್ತಿದ್ದೀರಿ. 2012ರಲ್ಲಿ ಅಲ್‌ಮೈರಿ, ಮಾರಾಲ್ಫ್, ಪಾಲ್ಚಿನ್ಸ್ಕಿ, ಸಲ್ಲಿ ನಾಲ್ವರೂ ಸೇರಿ ಬರೆದ ಪ್ರಬಂಧ ಯಾರಾದರೂ ಓದಿದ್ದೀರಾ? ಕ್ವಾಂಟಮ್ ನಿಯಮಗಳನ್ನು ಪೂರ್ತಿ ಪಾಲಿಸಿದರೆ ಹಳೆಯ ಕಪ್ಪುಕುಳಿಯ ಅಂಚಿನಲ್ಲಿ ಬೆಂಕಿ ಗೋಡೆ ಇರಬೇಕಾಗುತ್ತದೆ ಅನ್ನುವುದು ಅವರ ವಾದ. ಅಂದರೆ ದಾಟುವ ಮೊದಲೇ ಬೂದಿ.

ಬೆಳಕಿನಬೆನ್ನು:
ಓದಿದ್ದೇನೆ. ಅದು ದೊಡ್ಡ ವಾದ, ಇನ್ನೂ ಮುಗಿದಿಲ್ಲ. ಆದರೆ ಅದರಲ್ಲಿ "ಹಳೆಯ" ಅನ್ನುವುದು ಎಷ್ಟು ಹಳೆಯದು ನೋಡಿ. ಕಪ್ಪುಕುಳಿಯಿಂದಲೇ ನಿಧಾನವಾಗಿ ಸೋರುವ ಹಾಕಿಂಗ್ ವಿಕಿರಣದಿಂದ ಅದು ಅರ್ಧದಷ್ಟಾದರೂ ಕರಗಿರಬೇಕು. ಸೂರ್ಯನಷ್ಟು ದ್ರವ್ಯರಾಶಿಯ ಕಪ್ಪುಕುಳಿ ಪೂರ್ತಿ ಕರಗಲು ಸುಮಾರು 10ರ 67ನೇ ಘಾತದಷ್ಟು ವರ್ಷ ಬೇಕು. ಬ್ರಹ್ಮಾಂಡದ ವಯಸ್ಸು ಇನ್ನೂ 1,380 ಕೋಟಿ ವರ್ಷ. ನಕ್ಷತ್ರ ಕುಸಿದು ಆದ ಕಪ್ಪುಕುಳಿಗಳು ಸದ್ಯಕ್ಕೆ ತಮ್ಮ ಸುತ್ತಲಿನ ಬ್ರಹ್ಮಾಂಡಕ್ಕಿಂತ ತಣ್ಣಗಿವೆ, ಕರಗುವ ಬದಲು ಬೆಳೆಯುತ್ತಿವೆ.

ಎದುರುಮಾತು:
ಕಾಲ ಎಷ್ಟೇ ಆಗಲಿ, ತತ್ವದ ಪ್ರಶ್ನೆ ತತ್ವದ ಪ್ರಶ್ನೆಯೇ. ಸಾಪೇಕ್ಷತೆ ಒಂದು ಹೇಳುತ್ತದೆ, ಕ್ವಾಂಟಮ್ ಒಂದು ಹೇಳುತ್ತದೆ. ಒಂದು ಬಿಟ್ಟುಕೊಡಬೇಕು.

ಬೆಳಕಿನಬೆನ್ನು:
ಅದಕ್ಕೇ ಅದರ ಮೇಲೆ ಇಷ್ಟು ಜನ ಕೆಲಸ ಮಾಡುತ್ತಿರುವುದು. ಅಲ್ಲಿ ನಾವಿಬ್ಬರೂ ಒಂದೇ ಕಡೆ.

ಕುತೂಹಲಿ22:
@ಲೆಕ್ಕಪಕ್ಕಾ ನೀವು "ತಿರುಗದ ಕಪ್ಪುಕುಳಿ" ಅಂದಿರಿ. ನಿಜವಾದವು ತಿರುಗುತ್ತವಲ್ಲ? ಆಗ ಆ 66 ಸೆಕೆಂಡ್ ಏನಾಗುತ್ತದೆ?

ಲೆಕ್ಕಪಕ್ಕಾ:
ಹೌದು, ನಕ್ಷತ್ರ ತಿರುಗುತ್ತಿತ್ತು ಅಂದಮೇಲೆ ಅದರ ಕುಸಿತವೂ ತಿರುಗುತ್ತದೆ. ಅದರ ಸಮೀಕರಣ 1963ರಲ್ಲಿ ರಾಯ್ ಕೆರ್ ಕೊಟ್ಟದ್ದು. ಆಗ ಹೊರ ಅಂಚಿನ ಒಳಗೆ ಇನ್ನೊಂದು ಒಳ ಅಂಚು ಬರುತ್ತದೆ, ಸಿಂಗ್ಯುಲಾರಿಟಿ ಬಿಂದುವಿನ ಬದಲು ಉಂಗುರವಾಗುತ್ತದೆ. ಕಾಗದದ ಮೇಲೆ ಉಂಗುರ ತಪ್ಪಿಸಿ ಹೋಗುವ ದಾರಿಯೂ ಇದೆ. ಮೇಲೆ ಪುಟ್ಟತಾರೆ ಕೇಳಿದ ಭವಿಷ್ಯ ನೋಡುವ ಮಾತು ಆ ಒಳ ಅಂಚಿಗೆ ಸ್ವಲ್ಪ ಹೊಂದುತ್ತದೆ. ಹೊರಗಿನಿಂದ ಬರುವ ಬೆಳಕು ಅಲ್ಲಿ ಮಿತಿಯಿಲ್ಲದೆ ನೀಲಿಯಾಗುತ್ತದೆ. ಅದೇ ತೊಂದರೆ. 1990ರಲ್ಲಿ ಪಾಯ್ಸನ್ ಮತ್ತು ಇಸ್ರೇಲ್ ಎಂಬ ಇಬ್ಬರು ಭೌತವಿಜ್ಞಾನಿಗಳು ಲೆಕ್ಕ ಮಾಡಿ, ಒಳಗೆ ಬರುವ ಸಣ್ಣ ವಿಕಿರಣವೂ ಅಲ್ಲಿ ಮಿತಿಮೀರಿ ಬೆಳೆಯುತ್ತದೆ ಅಂತ ತೋರಿಸಿದರು. ಹಾಗಾಗಿ ಆ ದಾರಿ ತೆರೆದಿರುವುದಿಲ್ಲ ಅಂತಲೇ ಬಹುತೇಕರ ಅಭಿಪ್ರಾಯ. 66 ಸೆಕೆಂಡಿನ ಲೆಕ್ಕ ಹಾಗೇ ಅಲ್ಲಿಗೆ ಹೊಂದುವುದಿಲ್ಲ, ತಿರುಗುವ ವೇಗ ಎಷ್ಟು ಅಂತ ಹೇಳಿದರೆ ಮಾತ್ರ ಹೊಸದಾಗಿ ಹಾಕಬಹುದು.

ಪುಟ್ಟತಾರೆ:
ಹಾಗಾದರೆ ತುಂಬಾ ವೇಗವಾಗಿ ತಿರುಗುವುದಕ್ಕೆ ಹಾಕಿ ತೋರಿಸಿ. ಭವಿಷ್ಯ ನೋಡುವ ಆಸೆ ನಾನಿನ್ನೂ ಬಿಟ್ಟಿಲ್ಲ.

ಲೆಕ್ಕಪಕ್ಕಾ:
ನಾಳೆ ಹಾಕುತ್ತೇನೆ. ಅದಕ್ಕೆ ಬೇರೆ ಎಳೆ ತೆರೆಯೋಣ, ಇಲ್ಲಿ ತುಂಬಾ ಉದ್ದ ಆಯಿತು.